ಅಜ್ಜಿ ಕಸ್ತೂರಬಾ

ಮಣಿಪಾಲದ ಕೆ.ಎಂ.ಸಿ. ಎಂದರೆ ಕನ್ನಡ ನಾಡಿನಲ್ಲಿ ತಿಳಿಯದವರು ವಿರಳ. ಡಾಕ್ಟರ್ ಟಿ.ಎಂ.ಎ. ಪೈಯವರು 1953ರಲ್ಲಿ ಸ್ಥಾಪಿಸಿದ ಈ ವೈದ್ಯಕೀಯ ಕಾಲೇಜಿನ ಹೆಸರಿನ ಮೊದಲ ಅಕ್ಷರ ಯಾರನ್ನು ಸೂಚಿಸುತ್ತದೆ ಎಂದು ತರಗತಿಯಲ್ಲಿ ಕೇಳಿದರೆ ಮಾತ್ರ ಉತ್ತರ ಹೇಳುವ ಮಕ್ಕಳು ಕಡಿಮೆ. ಅದು ಕಸ್ತೂರಬಾ ಅವರ ಹೆಸರು. ಹಾಸನ ಜಿಲ್ಲೆಯ ಅರಸೀಕೆರೆಯಲ್ಲಿ ಈ ತಾಯಿಯ ಹೆಸರಿನ ಸೇವಾಕೇಂದ್ರವಿದೆ. ತಮಿಳುನಾಡಿನ ದಿಂಡಿಗಲ್ಲಿನ ಸಮೀಪ, ಗಾಂಧಿಗ್ರಾಮದಲ್ಲಿ, ಇದೇ ಹೆಸರಿನ ದೊಡ್ಡ ಆಸ್ಪತ್ರೆಯಿದೆ. ಶಾಲೆಯ ಮೆಟ್ಟಿಲನ್ನೇ ಹತ್ತದ, ವೈದ್ಯವನ್ನು ಕಲಿಯದ ಒಬ್ಬ ಹೆಂಗಸಿನ ಹೆಸರು ಇಷ್ಟೊಂದು ಆಸ್ಪತ್ರೆಗಳಿಗೆ ಏಕೆ ಬಂತು? ಇದಕ್ಕೆ ಉತ್ತರ ಅವರ ಬಾಳಿನ ಉತ್ತರಾರ್ಧದಲ್ಲಿದೆ.

ಪಠ್ಯಪುಸ್ತಕಗಳಲ್ಲಿ ಕಸ್ತೂರಬಾ ಮಹಾತ್ಮ ಗಾಂಧಿಯವರ ಮಡದಿಯಾಗಿ ಒಂದೆರಡು ಸಾಲುಗಳಲ್ಲಿ ಬಂದು ಹೋಗುತ್ತಾರೆ. ಆದರೆ ಅವರು ನಾಲ್ವರು ಗಂಡುಮಕ್ಕಳ ತಾಯಿ, ಅನೇಕ ಮೊಮ್ಮಕ್ಕಳ ಅಜ್ಜಿ, ಮತ್ತು ಹಲವು ದಶಕಗಳ ಕಾಲ ಕಾಯಿಲೆಯೊಡನೆ ಬಾಳಿದ ಒಂದು ದುರ್ಬಲ ಜೀವ. ಕೆಮ್ಮುವ ಅಜ್ಜಿ, ಸಕ್ಕರೆ ಕಾಯಿಲೆಯ ಅಜ್ಜ ನಮ್ಮಲ್ಲಿ ಬಹುಪಾಲು ಮನೆಗಳಲ್ಲಿ ಇದ್ದಾರೆ. ಆದುದರಿಂದ ಕಸ್ತೂರಬಾ ಅವರ ಬಾಳನ್ನು ಈ ಕೋನದಿಂದ ನೋಡುವುದು ನಮಗೂ ನಮ್ಮ ಮಕ್ಕಳಿಗೂ ಹಿತಕರವೆಂದು ಭಾವಿಸಿ ಈ ಲೇಖನವನ್ನು ಬರೆದಿದ್ದೇವೆ.

ಕಸ್ತೂರಬಾ 1869ರ ಏಪ್ರಿಲ್ 11ರಂದು ಗುಜರಾತಿನ ಕಡಲತೀರದ ಪೋರಬಂದರಿನಲ್ಲಿ ಜನಿಸಿದರು. ತಂದೆ ಗೋಕುಲದಾಸ ಮಕಂಜಿ ಅನುಕೂಲಸ್ಥ ವ್ಯಾಪಾರಿ. ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸುವ ವಾಡಿಕೆ ಆ ಕಾಲದಲ್ಲಿ ಇರಲಿಲ್ಲ. 1883ರಲ್ಲಿ ಮೋಹನದಾಸ ಗಾಂಧಿಯವರೊಡನೆ ಮದುವೆಯಾಯಿತು. ಆಗ ವಧೂವರರಿಬ್ಬರಿಗೂ ಆಡುವ ವಯಸ್ಸು. ಮೊದಲ ಕೂಸು ಹುಟ್ಟಿದ ಕೆಲವೇ ದಿನಗಳಲ್ಲಿ ಕಣ್ಮುಚ್ಚಿತು. ಅನಂತರ ಹರಿಲಾಲ, ಮಣಿಲಾಲ, ರಾಮದಾಸ, ದೇವದಾಸ ಎಂಬ ನಾಲ್ವರು ಮಕ್ಕಳಾದರು. 1897ರಲ್ಲಿ ಗಂಡನೊಡನೆ ಕಸ್ತೂರಬಾ ದಕ್ಷಿಣ ಆಫ್ರಿಕವನ್ನು ಸೇರಿದರು. ಅವರ ಅನಾರೋಗ್ಯದ ಕಥೆ ತೀವ್ರವಾಗುವುದು ಅಲ್ಲಿಯೇ.

1908-09ರ ಸುಮಾರಿನಲ್ಲಿ ಅವರಿಗೆ ಪದೇ ಪದೇ ರಕ್ತಸ್ರಾವವಾಗತೊಡಗಿತು. ಡರ್ಬಾನಿನಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ದೇಹ ಎಷ್ಟು ಕೃಶವಾಗಿತ್ತೆಂದರೆ ಮತ್ತು ಬರಿಸುವ ಔಷಧವನ್ನು ಕೊಡಲು ವೈದ್ಯರಿಗೆ ಧೈರ್ಯವಾಗಲಿಲ್ಲ. ಎಚ್ಚರವಿದ್ದಂತೆಯೇ ಅವರು ಆ ನೋವನ್ನು ಸಹಿಸಿದರು. ಚೇತರಿಸಿಕೊಳ್ಳಲು ದನದ ಮಾಂಸದ ಸಾರನ್ನು ಕುಡಿಯಬೇಕೆಂದು ವೈದ್ಯರು ಒತ್ತಾಯಿಸಿದರು. ಕಸ್ತೂರಬಾ ಒಪ್ಪಲಿಲ್ಲ. ಪ್ರಾಣ ಹೋದರೂ ಚಿಂತೆಯಿಲ್ಲ, ತನ್ನ ಆಚಾರಕ್ಕೆ ವಿರುದ್ಧವಾದುದು ಬೇಡವೆಂದು ಖಂಡಿತವಾಗಿ ತಿಳಿಸಿದರು. ವೈದ್ಯರ ಮನೆಯಲ್ಲಿ ಉಳಿಯುವುದು ಅಸಾಧ್ಯವಾದಾಗ ಗಾಂಧೀಜಿಯವರು ಅವರನ್ನು ರೈಲಿನಲ್ಲಿ ಕರೆತಂದು, ನಿಲ್ದಾಣದಿಂದ ಫೀನಿಕ್ಸ್ ಆಶ್ರಮದವರೆಗೆ ಜೋಲಿಯಲ್ಲಿ ಹೊರಿಸಿಕೊಂಡು ಹೋದರು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ರಕ್ತಸ್ರಾವ ಮರುಕಳಿಸಿದಾಗ ಗಾಂಧೀಜಿಯವರು ಮಡದಿಗೆ ಉಪ್ಪನ್ನೂ ಬೇಳೆಕಾಳುಗಳನ್ನೂ ಬಿಡುವಂತೆ ಹೇಳಿದರು. ಹೇಳುವುದು ಸುಲಭ, ಗಂಡನಾದರೂ ಇವನ್ನು ಬಿಡಬಲ್ಲನೇ ಎಂದು ಕಸ್ತೂರಬಾ ಸವಾಲು ಹಾಕಿದರು. ಗಾಂಧೀಜಿಯವರು ಆ ಕ್ಷಣದಲ್ಲಿಯೇ ಒಂದು ವರ್ಷದ ಮಟ್ಟಿಗೆ ಎರಡನ್ನೂ ತಾವೇ ಬಿಟ್ಟುಬಿಟ್ಟರು. ಈ ಪಥ್ಯವು ಇಂದಿನ ವೈದ್ಯಶಾಸ್ತ್ರಕ್ಕೆ ಒಪ್ಪಿಗೆಯಾಗುತ್ತದೆಯೋ ಇಲ್ಲವೋ ಎಂಬುದು ಬೇರೆ ಮಾತು. ಒಬ್ಬರಿಗೆ ಪಥ್ಯವನ್ನು ವಿಧಿಸಿದ ಮೇಲೆ ಮನೆಯ ಉಳಿದವರೂ ಅದರಲ್ಲಿ ಪಾಲುಗೊಳ್ಳಬೇಕೆಂಬುದು ಇಲ್ಲಿನ ಪಾಠ. ಅಜ್ಜನಿಗೆ ಸಪ್ಪೆ ಸಾರನ್ನು ಬಡಿಸಿ, ಅವರ ಮುಂದೆಯೇ ಉಪ್ಪಿನಕಾಯಿ ಹಪ್ಪಳಗಳನ್ನು ಸವಿಯುವ ಮನೆಗಳು ನಮ್ಮಲ್ಲಿ ಕಡಿಮೆಯೇನೂ ಇಲ್ಲ.

ದೇಹ ಸೋತರೂ ಅವರ ಸಂಕಲ್ಪ ಸೋಲಲಿಲ್ಲ. 1913ರಲ್ಲಿ ಭಾರತೀಯರ ವಿವಾಹಗಳಿಗೆ ಮಾನ್ಯತೆಯಿಲ್ಲವೆಂಬ ನ್ಯಾಯಾಲಯದ ತೀರ್ಪಿನ ವಿರುದ್ಧ ಸತ್ಯಾಗ್ರಹ ನಡೆದಾಗ ಕಸ್ತೂರಬಾ ಸೆರೆಮನೆಗೆ ಹೋದರು. ಮೂರು ತಿಂಗಳ ಕಠಿಣ ಶಿಕ್ಷೆಯನ್ನು ಪೀಟರ್‌ಮಾರಿಟ್ಸ್‌ಬರ್ಗಿನ ಜೈಲಿನಲ್ಲಿ ಮುಗಿಸಿ ಹೊರಬಂದಾಗ ಅವರು ಅಸ್ಥಿಪಂಜರದಂತಾಗಿದ್ದರು. ಅದೇ ಹೋರಾಟದಲ್ಲಿ ಸೆರೆಯಾಗಿದ್ದ ತಮಿಳು ಬಾಲೆ ವಳ್ಳಿಯಮ್ಮೈ ಜೈಲಿನಲ್ಲಿ ಅಂಟಿದ ಜ್ವರದಿಂದ 1914ರ ಫೆಬ್ರವರಿ 22ರಂದು ತೀರಿಕೊಂಡಳು. ಈ ದಿನಾಂಕವನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಲಿ.

1915ರಲ್ಲಿ ದಂಪತಿಗಳು ತಾಯ್ನಾಡಿಗೆ ಮರಳಿದರು. ಸಾಬರಮತಿ ಆಶ್ರಮದಲ್ಲಿ ಎಲ್ಲರೂ ಕಸ್ತೂರಬಾ ಅವರನ್ನು ಬಾ ಎಂದೇ ಕರೆಯುತ್ತಿದ್ದರು. ಗುಜರಾತಿಯಲ್ಲಿ ಬಾ ಎಂದರೆ ತಾಯಿ. 1918ರಲ್ಲಿ ದೇಶದಾದ್ಯಂತ ಹರಡಿದ ಇನ್‌ಫ್ಲುಯೆಂಜಾ ಪಿಡುಗಿಗೆ ಹಿರಿಯ ಮಗ ಹರಿಲಾಲರ ಹೆಂಡತಿ ಗುಲಾಬ್ ಬಲಿಯಾದರು. ತಾಯಿಯನ್ನು ಕಳೆದುಕೊಂಡ ಮೊಮ್ಮಕ್ಕಳ ಹೊಣೆ ಅಜ್ಜಿಯ ಮೇಲೆ ಬಿತ್ತು. ಹೀಗೆ ಐವತ್ತು ತುಂಬುವ ಹೊತ್ತಿಗೆ ಬಾ ಎರಡನೆಯ ಸಲ ಮಕ್ಕಳನ್ನು ಸಾಕತೊಡಗಿದರು. ಅವರಲ್ಲೊಬ್ಬನಾದ ರಸಿಕ ಹದಿನೇಳರ ಹರೆಯದಲ್ಲಿ, 1929ರಲ್ಲಿ, ದೆಹಲಿಯಲ್ಲಿ ಕಾಯಿಲೆಯಿಂದ ಮಡಿದನು. ಸಾಕಿದ ಮೊಮ್ಮಗನನ್ನು ಕಳೆದುಕೊಳ್ಳುವ ದುಃಖ ಎಂಥದೆಂಬುದನ್ನು ಹಿರಿಯ ಓದುಗರಿಗೆ ವಿವರಿಸಬೇಕಾಗಿಲ್ಲ.

1927ರ ಬೇಸಿಗೆಯಲ್ಲಿ ರಕ್ತದೊತ್ತಡದಿಂದ ಬಳಲಿದ ಗಾಂಧೀಜಿಯವರು ನಮ್ಮ ನಂದಿಬೆಟ್ಟಕ್ಕೆ ವಿಶ್ರಾಂತಿಗೆ ಬಂದಾಗ ಬಾ ಜೊತೆಗಿದ್ದರು. ತಾವು ಗಟ್ಟಿಮುಟ್ಟಾಗಿರದಿದ್ದರೂ ಗಂಡನ ಶುಶ್ರೂಷೆಯನ್ನು ಬಿಡಲಿಲ್ಲ. ಕಾಯಿಲೆಯವರು ಸದಾ ಸೇವೆಯನ್ನು ಪಡೆಯುವವರು ಮಾತ್ರ ಎಂದು ತಿಳಿಯುವುದು ತಪ್ಪು. ಅವರೂ ಸೇವೆಯನ್ನು ಕೊಡಬಲ್ಲರು. ಕೊಡುವ ಅವಕಾಶವಿದ್ದಾಗ ಅವರ ಮನಸ್ಸು ಅರಳುತ್ತದೆ.

1936ರಿಂದ ವಾರ್ಧಾದ ಬಳಿಯ ಸೇವಾಗ್ರಾಮವೇ ಅವರ ಮನೆಯಾಯಿತು. ಮೊದಲು ಅಲ್ಲಿದ್ದುದು ಎಲ್ಲರಿಗೂ ಸೇರಿದ ಒಂದೇ ಕುಟೀರ. ಹಗಲಿರುಳೂ ಜನಜಂಗುಳಿ. ವಯಸ್ಸಾದ ಹೆಂಗಸಿಗೆ ಬಟ್ಟೆ ಬದಲಿಸಲು, ಕಾಲು ಚಾಚಿ ಮಲಗಲು ಮರೆಯೆಂಬುದು ಇರಲಿಲ್ಲ. ಈ ಕಷ್ಟವನ್ನು ಮನಗಂಡ ಜಮನಾಲಾಲ್ ಬಜಾಜರು ಅವರಿಗಾಗಿ ಪ್ರತ್ಯೇಕವಾಗಿ ಒಂದು ಚಿಕ್ಕ ಗುಡಿಸಲನ್ನು ಕಟ್ಟಿಸಿದರು. ಬಾ ಕುಟಿ ಎಂಬ ಆ ಗುಡಿಸಲನ್ನು ಇಂದಿಗೂ ನೋಡಬಹುದು. ಮಹಾತ್ಮರ ಮಡದಿಗೂ ತನ್ನದೆಂಬ ಒಂದು ಮೂಲೆ ಬೇಕಾಯಿತು. ನಮ್ಮ ಮನೆಗಳ ಹಿರಿಯರಿಗೂ ಅದು ಬೇಕು.

ಸೇವಾಗ್ರಾಮದಲ್ಲಿ ರಾಮದಾಸರ ಮಗ ಕಾನಂ ಕೆಲಕಾಲ ಅಜ್ಜ ಅಜ್ಜಿಯರ ಬಳಿ ಬೆಳೆದನು. ಕಡಲತೀರದಲ್ಲಿ ಗಾಂಧೀಜಿಯವರ ಕೋಲಿನ ತುದಿಯನ್ನು ಹಿಡಿದು ಮುಂದೆ ಓಡುವ ಹುಡುಗನ ಚಿತ್ರವನ್ನು ನೀವೆಲ್ಲ ನೋಡಿರಬಹುದು. ಆ ಹುಡುಗನೇ ಈ ಮೊಮ್ಮಗ. ದೆಹಲಿಯಲ್ಲಿ ಪತ್ರಕರ್ತರಾಗಿದ್ದ ಕಿರಿಯ ಮಗ ದೇವದಾಸರು 1933ರಲ್ಲಿ ರಾಜಾಜಿಯವರ ಮಗಳು ಲಕ್ಷ್ಮಿಯವರನ್ನು ಮದುವೆಯಾಗಿದ್ದರು. ಜಾತಿಯೂ ಭಾಷೆಯೂ ಬೇರೆಯಾದ ಆ ತಮಿಳು ಸೊಸೆಯ ಮನೆಯಲ್ಲಿ ಬಾ ಮೊಮ್ಮಕ್ಕಳೊಡನೆ ಆಗಾಗ ಹೋಗಿ ಇರುತ್ತಿದ್ದರು. ಮಣಿಲಾಲರ ಮಕ್ಕಳು ಮಾತ್ರ ದೂರದ ಆಫ್ರಿಕದಲ್ಲಿದ್ದರು. ಕಡಲಾಚೆಯ ಮೊಮ್ಮಕ್ಕಳಿಗಾಗಿ ಹಂಬಲಿಸುವ ಅಜ್ಜಿಯರು ಇಂದು ನಮ್ಮ ಊರುಗಳಲ್ಲಿಯೂ ಇದ್ದಾರೆ.

ಹಿರಿಯ ಮಗ ಹರಿಲಾಲರದು ಬೇರೆಯೇ ಕಥೆ. ತಂದೆಯೊಡನೆ ಮುನಿಸಿಕೊಂಡು, ಕುಡಿತಕ್ಕೆ ಬಿದ್ದು, ಅವರು ಊರೂರು ಅಲೆಯುತ್ತಿದ್ದರು. ಒಮ್ಮೆ ಕಟ್ನಿ ರೈಲು ನಿಲ್ದಾಣದಲ್ಲಿ ಹರುಕು ಬಟ್ಟೆಯಲ್ಲಿ ಕಾಣಿಸಿಕೊಂಡ ಅವರು ಒಂದು ಕಿತ್ತಳೆ ಹಣ್ಣನ್ನು ತಾಯಿಯ ಕೈಗಿತ್ತರು. ಇದು ತಾಯಿಗೆ ಮಾತ್ರ, ತಂದೆಗಲ್ಲ ಎಂಬ ಕರಾರು ಅದಕ್ಕಿತ್ತು. ರೈಲು ಹೊರಟ ಮೇಲೆ ಬಾ ಅವರಿಗೆ ನೆನಪಾಯಿತು, ಹಸಿದಿರಬಹುದಾದ ಮಗನಿಗೆ ತಾವು ಏನನ್ನೂ ಕೊಡಲಿಲ್ಲವೆಂದು. ಬುಟ್ಟಿಯಲ್ಲಿ ಹಣ್ಣುಗಳಿದ್ದವು. ಗಾಡಿ ಮಾತ್ರ ನಿಲ್ದಾಣವನ್ನು ಬಿಟ್ಟು ಹೋಗಿತ್ತು.

1939ರಲ್ಲಿ ರಾಜಕೋಟೆಯ ಪ್ರಜೆಗಳು ಹಕ್ಕುಗಳಿಗಾಗಿ ಹೋರಾಡಿದಾಗ, ಎಪ್ಪತ್ತರ ಅಂಚಿನಲ್ಲಿದ್ದ ಬಾ ದುರ್ಬಲ ಶರೀರದಲ್ಲಿಯೇ ಅಲ್ಲಿಗೆ ಹೋಗಿ ಬಂಧಿತರಾದರು. 1942ರ ಆಗಸ್ಟ್ 9ರ ಬೆಳಗ್ಗೆ ಮುಂಬಯಿಯಲ್ಲಿ ಗಾಂಧೀಜಿಯವರ ಬಂಧನವಾಯಿತು. ಆ ಸಂಜೆ ಶಿವಾಜಿ ಪಾರ್ಕಿನ ಸಭೆಯಲ್ಲಿ ಗಂಡನ ಬದಲಿಗೆ ತಾವು ಮಾತನಾಡುವೆವೆಂದು ಬಾ ನಿಶ್ಚಯಿಸಿದರು. ಸಭೆಗೆ ಹೊರಟಾಗ ಪೊಲೀಸರು ಅವರನ್ನೂ ಹಿಡಿದರು. ಆರ್ಥರ್ ರೋಡ್ ಜೈಲಿನಲ್ಲಿ ಭೇದಿಯಿಂದ ನರಳಿದ ಅವರನ್ನು ಎರಡು ದಿನಗಳ ಬಳಿಕ ಪುಣೆಯ ಆಗಾ ಖಾನ್ ಅರಮನೆಗೆ ತಂದರು. ಗಾಂಧೀಜಿಯವರನ್ನು ಇರಿಸಿದ್ದುದು ಅಲ್ಲಿಯೇ. ಹೆಸರು ಅರಮನೆ, ಸುತ್ತ ಮುಳ್ಳುತಂತಿಯ ಬೇಲಿ.

ಅಲ್ಲಿಗೆ ಬಂದ ಕೆಲವೇ ದಿನಗಳಲ್ಲಿ, ಆಗಸ್ಟ್ 15ರಂದು, ಗಾಂಧೀಜಿಯವರ ಕಾರ್ಯದರ್ಶಿ ಮಹಾದೇವ ದೇಸಾಯಿಯವರು ಹೃದಯಾಘಾತದಿಂದ ನಿಧನರಾದರು. ಬಾ ಅವರಿಗೆ ಮಹಾದೇವರು ಮಗನಂತಿದ್ದರು. ಆವರಣದಲ್ಲಿಯೇ ಇದ್ದ ಅವರ ಸಮಾಧಿಗೆ ಬಾ ದೇವಾಲಯಕ್ಕೆ ಹೋಗುವಂತೆ ಹೋಗಿ ಕೈಮುಗಿಯುತ್ತಿದ್ದರು. ಬೇಸರದ ದಿನಗಳನ್ನು ಕಳೆಯಲು ಗಾಂಧೀಜಿಯವರು ಅವರಿಗೆ ಓದುಬರಹವನ್ನೂ ಭೂಗೋಳವನ್ನೂ ಕಲಿಸಿದರು. ಊರುಗಳ ಹೆಸರು ಎಪ್ಪತ್ತಮೂರರ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಒಂದು ದಿನ ಬಾ ತಮಗೂ ಒಂದು ಹೊಲಿದ ನೋಟ್‌ಪುಸ್ತಕ ಬೇಕೆಂದರು. ಅಕ್ಷರ ತಿದ್ದುವವರೆಗೆ ಬಿಡಿ ಹಾಳೆಗಳು ಸಾಕೆಂದು ಗಾಂಧೀಜಿಯವರು ಹೇಳಿದರು. ಬಾ ನೊಂದುಕೊಂಡರು. ಆಮೇಲೆ ಪುಸ್ತಕ ಬಂದರೂ ಅವರು ಅದನ್ನು ಮುಟ್ಟಲಿಲ್ಲ. ಲೋಕವನ್ನೇ ಅರಿತವರೂ ಮನೆಯ ಹಿರಿಯ ಜೀವದ ಒಂದು ಸಣ್ಣ ಆಸೆಯನ್ನು ಅರಿಯದೆ ಹೋಗಬಹುದು. ವಯಸ್ಸಾದವರ ಆಸೆಗಳು ನೋಟ್‌ಪುಸ್ತಕದಷ್ಟು ಚಿಕ್ಕವಾಗಿರುತ್ತವೆ. ಆದುದರಿಂದಲೇ ಅವು ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಬಾ ಅವರಿಗೆ ಬಹುಕಾಲದಿಂದ ಶ್ವಾಸನಾಳಗಳ ಉರಿಯೂತವಿತ್ತು. ವೈದ್ಯರು ಇದನ್ನು ಬ್ರಾಂಕೈಟಿಸ್ ಎನ್ನುತ್ತಾರೆ. ಶ್ವಾಸನಾಳಗಳಲ್ಲಿ ಕಫ ಕಟ್ಟಿ, ಕೆಮ್ಮು ಬಿಡದೆ, ಉಸಿರಾಟವೇ ದುಡಿಮೆಯಾಗುತ್ತದೆ. ಸೆರೆಯಲ್ಲಿ ಇದರೊಡನೆ ಹೃದಯದ ತೊಂದರೆಯೂ ಸೇರಿತು. ನಡೆಯಲಾಗದಾದಾಗ ಅವರು ಕುರ್ಚಿಯಲ್ಲಿ ಕುಳಿತು ಉಳಿದವರ ಕೇರಂ ಆಟವನ್ನು ನೋಡಿ ನಲಿಯುತ್ತಿದ್ದರು. ಮಲಗಿದರೆ ಉಸಿರು ಕಟ್ಟುತ್ತಿದ್ದುದರಿಂದ ಹಾಸಿಗೆಯಲ್ಲಿ ಕುಳಿತೇ ರಾತ್ರಿಗಳನ್ನು ಕಳೆಯಬೇಕಾಯಿತು. ತಲೆಯೊರಗಿಸಲು ಒಂದು ಪುಟ್ಟ ಮರದ ಮೇಜನ್ನು ಮಾಡಿಸಿ ಮುಂದಿಟ್ಟರು. ಬಾ ಅವರು ಹೋದ ಮೇಲೆ ಗಾಂಧೀಜಿಯವರು ಅದೇ ಮೇಜಿನ ಮೇಲೆ ಊಟ ಮಾಡುತ್ತಿದ್ದರು.

ಶುಶ್ರೂಷೆಯಲ್ಲಿ ಕುಟುಂಬಕ್ಕೆ ಕುಟುಂಬವೇ ತೊಡಗಿತ್ತು. ತಾಯಿಯಿಲ್ಲದ ತಮ್ಮ ಬಂಧುವಿನ ಮಗಳು ಮನುವನ್ನು ಬಾ ಮೊಮ್ಮಗಳಂತೆ ಸಾಕಿದ್ದರು. ನಾಗಪುರದ ಜೈಲಿನಲ್ಲಿದ್ದ ಆ ಹುಡುಗಿಯನ್ನು 1943ರಲ್ಲಿ ಬಾ ಅವರ ಆರೈಕೆಗಾಗಿ ಪುಣೆಗೆ ಕರೆತಂದರು. ನಿಮ್ಮಷ್ಟೇ ವಯಸ್ಸಿನ ಆ ಹುಡುಗಿ ಕಾಲು ಒತ್ತಿದಳು, ಕಫದ ಬಟ್ಟಲನ್ನು ತೊಳೆದಳು, ರಾತ್ರಿ ಎಚ್ಚರವಿದ್ದಳು. ಡಾಕ್ಟರ್ ಸುಶೀಲಾ ನಯ್ಯರ್ ಮತ್ತು ಡಾಕ್ಟರ್ ಗಿಲ್ಡರ್ ಸೆರೆಯಾಳುಗಳಾಗಿ ಜೊತೆಯಲ್ಲಿಯೇ ಇದ್ದರು. ಜಯಪ್ರಕಾಶ ನಾರಾಯಣರ ಮಡದಿ ಪ್ರಭಾವತಿಯವರೂ ಬಂದು ಸೇರಿದರು. ತಮಗೆ ಆಯುರ್ವೇದದ ವೈದ್ಯರು ಬೇಕೆಂದು ಬಾ ಬಯಸಿದರು. ಅನುಮತಿಗಾಗಿ ಸರಕಾರಕ್ಕೆ ಪತ್ರದ ಮೇಲೆ ಪತ್ರ ಬರೆಯಬೇಕಾಯಿತು. ಕೊನೆಗೆ ಬಂದ ವೈದ್ಯ ಶಿವಶರ್ಮರಿಗೆ ರಾತ್ರಿ ಒಳಗೆ ತಂಗಲು ಅಪ್ಪಣೆ ಸಿಗಲಿಲ್ಲ. ಕರೆದಾಗ ಓಡಿಬರಲು ಅನುಕೂಲವಾಗಲೆಂದು ಅವರು ಕೆಲವು ರಾತ್ರಿ ಬಾಗಿಲಿನ ಹೊರಗೆ ತಮ್ಮ ಕಾರಿನಲ್ಲಿಯೇ ಮಲಗಿದರು. ಗಾಂಧೀಜಿಯವರು ಪ್ರತಿಭಟಿಸಿದ ಬಳಿಕ ನಿರ್ಬಂಧ ಸಡಿಲವಾಯಿತು.

1944ರ ಫೆಬ್ರವರಿಯಲ್ಲಿ ನ್ಯುಮೋನಿಯಾ ಅಡರಿತು. ದೇವದಾಸರು ಆಗಿನ್ನೂ ಅತಿ ವಿರಳವಾಗಿದ್ದ ಪೆನಿಸಿಲಿನ್ ಔಷಧವನ್ನು ವಿಮಾನದ ಮೂಲಕ ತರಿಸಿದರು. ಅದನ್ನು ಕೆಲವು ಗಂಟೆಗಳಿಗೊಮ್ಮೆ ಸೂಜಿಯಿಂದ ಚುಚ್ಚಬೇಕಾಗಿತ್ತು. ಬದುಕುವ ಆಸೆಯಿಲ್ಲದ ಜರ್ಜರ ಶರೀರಕ್ಕೆ ಈ ನೋವು ಬೇಡವೆಂಬುದು ಗಾಂಧೀಜಿಯವರ ನಿಲುವು. ತಾಯಿಯನ್ನು ಉಳಿಸಿಕೊಳ್ಳುವ ಕಡೆಯ ಯತ್ನವನ್ನು ಬಿಡಬಾರದೆಂಬುದು ಮಗನ ಹಂಬಲ. ಕೊನೆಗೆ ಮಗನು ತಂದೆಯ ಮಾತಿಗೆ ತಲೆಬಾಗಿದನು. ಚುಚ್ಚುಮದ್ದನ್ನು ಕೊಡಲಿಲ್ಲ. ಇಬ್ಬರಲ್ಲಿ ಯಾರು ಸರಿಯೆಂದು ಅಂದಿನಿಂದಲೂ ಚರ್ಚೆ ನಡೆದಿದೆ. ಆ ಸ್ಥಿತಿಯಲ್ಲಿ ಔಷಧವು ಅವರನ್ನು ಉಳಿಸುತ್ತಿತ್ತೆಂದು ಖಚಿತವಾಗಿ ಹೇಳಲಾಗದು. ನಾವು ಹೇಳುವುದಿಷ್ಟೇ: ಇಬ್ಬರ ಮಾತಿನಲ್ಲಿಯೂ ಪ್ರೀತಿಯೇ ಇತ್ತು. ಇಂಥ ಸಂಕಟವು ಯಾವ ಮನೆಗೂ ಬರಬಹುದು. ಆದುದರಿಂದ ಹಿರಿಯರು ಮಾತನಾಡಬಲ್ಲಷ್ಟು ದಿನ ಅವರ ಇಚ್ಛೆಯನ್ನು ಕೇಳಿ ತಿಳಿದುಕೊಳ್ಳುವುದು ಮಕ್ಕಳ ಕರ್ತವ್ಯ. ಇಂದು ಇಂಥ ಕಾಯಿಲೆಗೆ ಒಳ್ಳೆಯ ಔಷಧಗಳಿವೆ. ವಯಸ್ಸಿನ ಕೆಮ್ಮೆಂದು ಉದಾಸೀನ ಮಾಡದೆ ಕಾಲಕ್ಕೆ ಸರಿಯಾಗಿ ವೈದ್ಯರಿಗೆ ತೋರಿಸುವುದೂ ಅಷ್ಟೇ ಮುಖ್ಯ.

ಕೊನೆಯ ದಿನಗಳಲ್ಲಿ ಹರಿಲಾಲರೂ ಬಂದರು. ಕುಡಿದು ಬಂದ ಮಗನನ್ನು ನೋಡಿ ಬಾ ಹಣೆ ಹಣೆ ಚಚ್ಚಿಕೊಂಡರು. ಅವರನ್ನು ಹೊರಗೆ ಕರೆದೊಯ್ಯಬೇಕಾಯಿತು. 1944ರ ಫೆಬ್ರವರಿ 22, ಮಹಾಶಿವರಾತ್ರಿಯ ಸಂಜೆ, ಗಂಡನ ತೊಡೆಯ ಮೇಲೆ ತಲೆಯಿರಿಸಿ ಬಾ ಕಣ್ಮುಚ್ಚಿದರು. ವಳ್ಳಿಯಮ್ಮೈ ತೀರಿಕೊಂಡು ಅಂದಿಗೆ ಸರಿಯಾಗಿ ಮೂವತ್ತು ವರ್ಷ. ಮರುದಿನ ಗಾಂಧೀಜಿಯವರು ನೂತ ನೂಲಿನ ಸೀರೆಯನ್ನು ಉಡಿಸಿ, ಮಹಾದೇವರ ಸಮಾಧಿಯ ಪಕ್ಕದಲ್ಲಿ ದಹನ ಮಾಡಿದರು. ಇಬ್ಬರ ಸಮಾಧಿಗಳೂ ಇಂದಿಗೂ ಅಲ್ಲಿವೆ.

ಅವರ ಸ್ಮಾರಕಕ್ಕೆಂದು ದೇಶದ ಜನ ಒಂದು ಕೋಟಿ ರೂಪಾಯಿಗೂ ಹೆಚ್ಚು ನಿಧಿಯನ್ನು ಕೂಡಿಸಿದರು. ಅದು ಹಳ್ಳಿಯ ಹೆಂಗಸರ ಮತ್ತು ಮಕ್ಕಳ ಸೇವೆಗೇ ವಿನಿಯೋಗವಾಗಬೇಕೆಂದು ಗಾಂಧೀಜಿಯವರು ಬಯಸಿದರು. ಹೀಗೆ ಕಸ್ತೂರಬಾ ಟ್ರಸ್ಟ್ ಹುಟ್ಟಿತು. ತಮಿಳುನಾಡಿನಲ್ಲಿ ಅದರ ಹೊಣೆ ಹೊತ್ತವರು ಡಾಕ್ಟರ್ ಸೌಂದರಂ. ಅವರು ಮಧುರೆಯ ಹೆಸರಾಂತ ಉದ್ಯಮಿ ಟಿ.ವಿ. ಸುಂದರಂ ಅಯ್ಯಂಗಾರರ ಮಗಳು. ಎಳೆವಯಸ್ಸಿನಲ್ಲಿ ವಿಧವೆಯಾಗಿ, ದೆಹಲಿಯಲ್ಲಿ ವೈದ್ಯವಿದ್ಯೆಯನ್ನು ಕಲಿತರು. 1940ರಲ್ಲಿ ಸೇವಾಗ್ರಾಮದಲ್ಲಿ ಗಾಂಧೀಜಿಯವರ ಸಮ್ಮುಖದಲ್ಲಿ ಜಿ. ರಾಮಚಂದ್ರನ್ ಅವರನ್ನು ಮರುಮದುವೆಯಾದರು.

ಅಂದು ಮಧುರೆ ಜಿಲ್ಲೆಗೆ ಸೇರಿದ್ದ, 1985ರಿಂದ ದಿಂಡಿಗಲ್ ಜಿಲ್ಲೆಯಾಗಿರುವ ಪ್ರದೇಶದಲ್ಲಿ, ಸಿರುಮಲೆ ಬೆಟ್ಟಗಳ ಬುಡಕ್ಕೆ ನೇಕಾರರ ಊರು ಚಿನ್ನಾಳಪಟ್ಟಿಯಿದೆ. 1947ರಲ್ಲಿ ಸೌಂದರಂ ಅವರು ಅಲ್ಲಿ ಎರಡು ಹಾಸಿಗೆಗಳ ಚಿಕಿತ್ಸಾಲಯವನ್ನು ತೆರೆದರು. ಅದೇ ವರ್ಷ ಪಕ್ಕದಲ್ಲಿ ಗಾಂಧಿಗ್ರಾಮ ಸಂಸ್ಥೆ ಆರಂಭವಾಯಿತು. ಎರಡು ಹಾಸಿಗೆಗಳ ಆ ಚಿಕಿತ್ಸಾಲಯವೇ ಬೆಳೆದು ಕಸ್ತೂರಬಾ ಆಸ್ಪತ್ರೆಯಾಯಿತು. ಸೌಂದರಂ ಅವರು 1984ರಲ್ಲಿ ತೀರಿಕೊಂಡರು. ಈ ಸೀಮೆ ನಮಗೆ ತೀರ ಪರಕೀಯವೂ ಅಲ್ಲ. ಇಲ್ಲಿಂದ ಪಶ್ಚಿಮಕ್ಕೆ ತೇನಿಯನ್ನು ದಾಟಿದರೆ ಸಿಗುವ ಕಂಬಂ ಕಣಿವೆಯ ಬತ್ತದ ಗದ್ದೆ, ದ್ರಾಕ್ಷಿ ತೋಟಗಳ ನಡುವೆ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡ ಕಪ್ಪಿಲಿಯರು ತಲೆಮಾರುಗಳಿಂದ ಬಾಳುತ್ತಿದ್ದಾರೆ.

ಪ್ರಿಯ ವಿದ್ಯಾರ್ಥಿಗಳೇ, ತನಗೆ ಬೇಕಾದ ವೈದ್ಯನಿಗಾಗಿ ಮುಳ್ಳುಬೇಲಿಯೊಳಗೆ ಕಾದ ಒಬ್ಬ ಅಜ್ಜಿಯ ಹೆಸರಿನಲ್ಲಿ ಇಂದು ಹಳ್ಳಿಯ ಅಜ್ಜಿಯರಿಗೆ ವೈದ್ಯರು ದೊರೆಯುತ್ತಿದ್ದಾರೆ. ಆಸ್ಪತ್ರೆ ಕಟ್ಟುವುದು ನಮ್ಮೆಲ್ಲರ ಕೈಯಲ್ಲಿ ಆಗದ ಕೆಲಸ. ಮನು ಮಾಡಿದ ಕೆಲಸವನ್ನು ಮಾತ್ರ ನೀವು ಯಾರು ಬೇಕಾದರೂ ಮಾಡಬಹುದು. ಶಾಲೆಯಿಂದ ಮನೆಗೆ ಹೋದೊಡನೆ ಅಜ್ಜಿಯ ಬಳಿ ಹತ್ತು ನಿಮಿಷ ಕುಳಿತುಕೊಳ್ಳಿ. ಮಾತ್ರೆ ನುಂಗಿದರೇ ಎಂದು ವಿಚಾರಿಸಿ. ಪತ್ರಿಕೆಯನ್ನು ಓದಿ ಹೇಳಿ. ಪಾಲಕರಲ್ಲಿ ನಮ್ಮ ವಿನಂತಿ ಒಂದೇ. ಪರೀಕ್ಷೆಯ ನೆಪದಲ್ಲಿ ಮಕ್ಕಳನ್ನು ರೋಗಿಯ ಕೋಣೆಯಿಂದ ದೂರವಿಡಬೇಡಿ. ಅಲ್ಲಿ ಅವರು ಕಲಿಯುವ ಪಾಠವನ್ನು ಕಲಿಸಲು ನಮ್ಮ ಶಾಲೆಯಲ್ಲಿ ಬೇರೆ ಪುಸ್ತಕವಿಲ್ಲ.